ಪಾಳೆಯ: ಒಂದು ದಂಡಿನ ಪದದ ಚರಿತ್ರೆ

ಪಾಳೆಯ ಎಂದರೆ ದಂಡು ಬೀಡುಬಿಟ್ಟ ಜಾಗ. ಯುದ್ಧಕ್ಕೆ ಹೊರಟ ಸೈನ್ಯ ಡೇರೆ ಹೊಡೆದು, ಆನೆ ಕುದುರೆ ಕಟ್ಟಿ, ಕಾವಲಿಟ್ಟು ತಂಗುತ್ತಿದ್ದ ನೆಲೆ ಅದು. ಕುಮಾರವ್ಯಾಸನ ಭಾರತದಲ್ಲಿ ಈ ಪದ ಹೆಜ್ಜೆಹೆಜ್ಜೆಗೂ ಸಿಗುತ್ತದೆ.

ತಮಿಳರಿಗೆ ಇದು ಪಾಳೈಯಂ, ತೆಲುಗರಿಗೆ ಪಾಳೆಮು. ಕನ್ನಡದಲ್ಲಿ ಪಾಳೆಯ, ಪಾಳಯ. ಬಾಯಲ್ಲಿ ಸವೆದು ಪಾಳ್ಯ. ಮೆಟ್ಟುಪಾಳಯಂ, ಎರ್ರಗೊಂಡಪಾಲೆಂ, ಬೆಂಗಳೂರಿನ ಕಲಾಸಿಪಾಳ್ಯ ಎಲ್ಲವೂ ಒಂದೇ ಬಳಗ. ದಕ್ಷಿಣ ಬೆಂಗಳೂರಿನ ತಿಲಕ್ ನಗರದ ಹೆಸರು ಹೊಸ ಕಾಲದ್ದು. ಅದರ ಪಕ್ಕದ ಗುರಪ್ಪನಪಾಳ್ಯದ ಹೆಸರಿನ ಕೊನೆಯಲ್ಲಿ ಮಾತ್ರ ಈ ಹಳೆಯ ಪದ ಉಳಿದಿದೆ. ಹಾಗೆಂದು ಪ್ರತಿ ಪಾಳ್ಯದಲ್ಲೂ ಸೈನ್ಯ ತಂಗಿತ್ತೆಂದು ಭಾವಿಸಬೇಕಿಲ್ಲ. ಬಿಡಾರ ಎಂಬ ಅರ್ಥ ಸಡಿಲಗೊಂಡು, ಸಣ್ಣ ಊರು, ಕೇರಿ ಎಂಬ ಅರ್ಥವೂ ಬೆಳೆಯಿತು.

ಪದಕ್ಕೆ ರಾಜಕೀಯ ತೂಕ ಬಂದದ್ದು ಪಾಳೆಯಗಾರರಿಂದ. ದೊರೆಗೆ ಕಪ್ಪ ಕೊಟ್ಟು, ಕರೆದಾಗ ಆಳುಕುದುರೆ ಒದಗಿಸಿ, ತನ್ನ ಸೀಮೆಯನ್ನು ತಾನೇ ಆಳಿಕೊಳ್ಳುತ್ತಿದ್ದವನು ಪಾಳೆಯಗಾರ. 1565ರಲ್ಲಿ ವಿಜಯನಗರ ಹಾಳಾದ ಮೇಲೆ ಚಿತ್ರದುರ್ಗ, ಹರಪನಹಳ್ಳಿ, ತರೀಕೆರೆಗಳಂಥ ಮನೆತನಗಳಿಗೆ ಬಲ ಬಂತು. 1779ರಲ್ಲಿ ಹೈದರ್ ಅಲಿ ಚಿತ್ರದುರ್ಗವನ್ನು ಹಿಡಿದು ಅಲ್ಲಿನ ಪಾಳೆಯಗಾರ ಮದಕರಿನಾಯಕನನ್ನು ಸೆರೆಯೊಯ್ದ. 1800ರಲ್ಲಿ ಬಳ್ಳಾರಿ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದಾಗ ಅಲ್ಲಿನ ಪಾಳೆಯಗಾರರನ್ನು ಅಡಗಿಸಿದವನು ಕಂಪನಿಯ ಅಧಿಕಾರಿ ಥಾಮಸ್ ಮನ್ರೋ. ಇಂಗ್ಲಿಷರ ಕಡತಗಳಲ್ಲಿ ಪಾಳೆಯಗಾರರು ‘ಪಾಲಿಗಾರ್’ ಆದರು.

ಇಂದು ‘ಪಾಳೆಗಾರಿಕೆ’ ಎಂದರೆ ಬರೀ ದರ್ಪ. ಇದು ಅರ್ಧ ಸತ್ಯ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಬೆಳೆಸಿದವರೂ, ಅಲ್ಲಿ ಹೊಂಡ ತೋಡಿಸಿ ನೀರು ನಿಲ್ಲಿಸಿದವರೂ ಪಾಳೆಯಗಾರರೇ. ತ.ರಾ.ಸು. ‘ದುರ್ಗಾಸ್ತಮಾನ’ ಕಾದಂಬರಿಯಲ್ಲಿ ಬರೆದದ್ದು ಚಿತ್ರದುರ್ಗದ ಮನೆತನದ ಕೊನೆಯ ದಿನಗಳನ್ನು.

ದಂಡಿನ ಬಿಡಾರದ ಪದ ಬೇರೆ ಅರ್ಥಗಳಿಗೆ ಹರಡುವ ಇಂಥದೇ ಹಾದಿಯನ್ನು ಸ್ಲಾವಿಕ್ ನುಡಿಗಳ ‘ತಾಬೋರ್’ ಕೂಡ ಹಿಡಿದಿದೆ. 1420ರಲ್ಲಿ ಇಂದಿನ ಚೆಕ್ ನಾಡಿನ ಬೊಹೀಮಿಯದಲ್ಲಿ ಹುಸ್ಸೈಟರೆಂಬ ಕ್ರೈಸ್ತ ಸುಧಾರಣಾವಾದಿಗಳು ಕಟ್ಟಿದ ಕೋಟೆಯೂರಿನ ಹೆಸರು ಅದು. ಬಂಡಿಗಳನ್ನು ಸುತ್ತ ನಿಲ್ಲಿಸಿ ಕಟ್ಟುವ ಸೇನಾಬಿಡಾರಕ್ಕೆ ಪೋಲಿಷರೂ ಕೊಸಾಕರೂ ಅದೇ ಪದ ಬಳಸಿದರು. ಈಗ ಚೆಕ್ ಮಕ್ಕಳ ಬೇಸಿಗೆ ಶಿಬಿರ ತಾಬೋರ್. ರಷ್ಯನ್ನಿನಲ್ಲಿ ಜಿಪ್ಸಿಗಳ ಬೀಡು ತಾಬೋರ್. ಉಕ್ರೇನಿಯನ್ನಿನಲ್ಲಿ ಅದು ‘ತಾಬಿರ್’.

ಕನ್ನಡದಲ್ಲಿ ಸೇನೆಯ ಅರ್ಥ ಪೂರ್ತಿ ಅಳಿದಿಲ್ಲ. ಚುನಾವಣೆ ಬಂದರೆ ಪತ್ರಿಕೆಗಳಲ್ಲಿ ‘ಕಾಂಗ್ರೆಸ್ ಪಾಳೆಯ’, ‘ಬಿಜೆಪಿ ಪಾಳೆಯ’ ಎಂಬ ತಲೆಬರಹಗಳು ಕಾಣಿಸಿಕೊಳ್ಳುತ್ತವೆ.