ಹೊಸರಿತ್ತಿಯ ಮೂವರು

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದವರು. ಆಗ ಅವರಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ.

1942ರ ಚಲೇಜಾವ್ ಚಳವಳಿಯಲ್ಲಿ ಅದೇ ಸತ್ಯಾಗ್ರಹಿ ಭೂಗತರಾದರು. ಸುತ್ತಲಿನ ಕಾಲುದಾರಿ, ಹೊಲದ ಬದು ಬಲ್ಲ ಯುವಕರ ತಂಡ ಕಟ್ಟಿಕೊಂಡು ಸರ್ಕಾರದ ಆಸ್ತಿಗೆ ಪೆಟ್ಟು ಕೊಟ್ಟರು. ಮರೆಯಲ್ಲಿದ್ದು ಹೋರಾಡುವವರಿಗೆ ಊರಿನವರೇ ಆಸರೆ. ಅನ್ನ ಇಕ್ಕಿದ ಮನೆ ಬಾಯಿ ಬಿಟ್ಟರೆ ಮುಗಿಯಿತು.

1943ರ ಏಪ್ರಿಲ್ 1. ವರದಾ ತೀರದ ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣಕ್ಕೆ ತಂಡ ಮುತ್ತಿಗೆ ಹಾಕಿತು. ಪೊಲೀಸರು ಗುಂಡು ಹಾರಿಸಿದರು. ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪ್ರಾಣ ತೆತ್ತರು.

ಹಾವೇರಿ ರೈಲು ನಿಲ್ದಾಣಕ್ಕೆ ಈಗ ಮಹದೇವಪ್ಪ ಮೈಲಾರರ ಹೆಸರಿದೆ. ಅಲ್ಲಿ ಇಳಿದವರು ಹೊಸರಿತ್ತಿಗೂ ಹೋಗಿ ಬನ್ನಿ, ಉಳಿದಿಬ್ಬರನ್ನೂ ನೆನೆಯಿರಿ.