ಎತ್ತಿನಗಾಡಿಯಲ್ಲಿ ಬಂದ ಆಫೀಸು

ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಾನು ಕಳೆದ ಗಂಟೆಗಳನ್ನು ಕೂಡಿಸಿದ್ದರೆ ಇನ್ನೊಂದು ಡಿಗ್ರಿ ಮುಗಿಸಬಹುದಿತ್ತು. ಟೀವಿಗೆ ಬರೋ ಮೊದಲು ನಾನೂ ಸಾಫ್ಟ್‌ವೇರ್ ಎಂಜಿನಿಯರೇ. ಬೆಳಿಗ್ಗೆ ಎರಡು ಗಂಟೆ ಬಸ್ಸು, ಆಮೇಲೆ ಅಮೆರಿಕದ ತಂಡದ ಜತೆ ಫೋನಲ್ಲಿ ಮಾತು, ಸಂಜೆ ಮತ್ತೆ ಬಸ್ಸು. ‘ಈ ಫೋನ್ ಮನೆಯಿಂದಲೇ ಮಾಡಬಹುದಲ್ವಾ ಸಾರ್?’ ಅಂತ ಒಮ್ಮೆ ಮ್ಯಾನೇಜರ್‌ನ ಕೇಳಿದೆ. ‘ನೀನು ಕೆಲಸ ಮಾಡ್ತಿದ್ದೀಯ ಅಂತ ನನಗೆ ಹೇಗಪ್ಪಾ ಗೊತ್ತಾಗೋದು?’ ಅಂದರು.

ಆ ಪ್ರಶ್ನೆಗೆ ನನಗಿಂತ ಹೆಚ್ಚು ವಯಸ್ಸಾಗಿದೆ. 1973ರಲ್ಲಿ, ಅರಬ್ ದೇಶಗಳ ತೈಲ ದಿಗ್ಬಂಧನದಿಂದ ಅಮೆರಿಕ ತತ್ತರಿಸಿದ ವರ್ಷ, ಲಾಸ್ ಏಂಜಲೀಸ್‌ನ ಜ್ಯಾಕ್ ನಿಲ್ಸ್ ಎಂಬ ಎಂಜಿನಿಯರ್ ಕೇಳಿದ: ಮನುಷ್ಯರ ಬದಲು ಕೆಲಸವನ್ನೇ ಫೋನ್ ತಂತಿಯಲ್ಲಿ ಸಾಗಿಸಿದರೆ ಹೇಗೆ? ಅದಕ್ಕೆ ಅವನಿಟ್ಟ ಹೆಸರು ಟೆಲಿಕಮ್ಯೂಟಿಂಗ್. ಒಂದು ವಿಮಾ ಕಂಪನಿಯಲ್ಲಿ ಪ್ರಯೋಗವೂ ಆಯ್ತು. ನೌಕರರು ಮನೆ ಹತ್ತಿರದ ಸಣ್ಣ ಕೇಂದ್ರಗಳಿಂದ ಕೆಲಸ ಮಾಡಿದರು, ಚೆನ್ನಾಗಿಯೇ ಮಾಡಿದರು. ಕಂಪನಿ ಮಾತ್ರ ಮುಂದುವರಿಸಲಿಲ್ಲ.

ಈಗ ನಮ್ಮೂರಿನ ಕತೆ ಕೇಳಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅದರ ಉಪಗ್ರಹ ಆಂಟೆನಾ ಬಂದದ್ದು ಎತ್ತಿನಗಾಡಿಯಲ್ಲಿ! ಇಲ್ಲಿ ಕೂತ ಎಂಜಿನಿಯರ್‌ಗಳ ಕೆಲಸ ಡಲ್ಲಾಸ್‌ಗೆ ಹೋಗತೊಡಗಿತು. ವಿಮಾನ ಬೇಡ, ವೀಸಾ ಬೇಡ. ಅಂದರೆ ಈ ಊರಿನ ಐಟಿಯ ತಳಪಾಯವೇ ನಿಲ್ಸ್ ಕಂಡ ಕನಸು. ಕಡಲಾಚೆಯ ಬಾಸ್ ಕಣ್ಣಿಗೆ ಕಾಣದ ನೌಕರನನ್ನು ನಂಬಿದ. ಬೊಮ್ಮನಹಳ್ಳಿಯಲ್ಲಿದ್ದವನನ್ನು ನಂಬೋಕೆ ಇಲ್ಲಿನ ಬಾಸ್‌ಗೇ ಆಗಲಿಲ್ಲ.

ಮನೆಯಲ್ಲಿ ಕೂತವರು ನಿಜಕ್ಕೂ ಕೆಲಸ ಮಾಡ್ತಾರಾ? ಸರಿಯಾಗಿ ಅಳೆದು ನೋಡಿದ್ದು ಶಾಂಘೈನ ಸಿಟ್ರಿಪ್ ಎಂಬ ಪ್ರವಾಸ ಕಂಪನಿ, ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್ ತಂಡದ ಜತೆ. 2010ರ ಕೊನೆಯಲ್ಲಿ ಶುರುವಾಗಿ ಒಂಬತ್ತು ತಿಂಗಳು. ಕಾಲ್ ಸೆಂಟರ್‌ನ 249 ಮಂದಿಯಲ್ಲಿ ಹುಟ್ಟಿದ ತಾರೀಖು ಸಮಸಂಖ್ಯೆ ಇದ್ದವರು ವಾರಕ್ಕೆ ನಾಲ್ಕು ದಿನ ಮನೆಯಿಂದ, ಬೆಸ ಇದ್ದವರು ಆಫೀಸಿನಲ್ಲೇ. ಮನೆಯವರ ಕೆಲಸ ಶೇ. 13 ಹೆಚ್ಚಾಯ್ತು, ಬಹುಪಾಲು ವಿರಾಮ ಮತ್ತು ಕಾಯಿಲೆ ರಜೆ ಕಮ್ಮಿಯಾಗಿ. ಕೆಲಸ ಬಿಡುವವರ ಸಂಖ್ಯೆ ಅರ್ಧಕ್ಕಿಳಿಯಿತು. ಆದರೆ ಅಷ್ಟೇ ಕೆಲಸ ಮಾಡಿದರೂ ಮನೆಯವರಿಗೆ ಬಡ್ತಿ ಸಿಕ್ಕಿದ್ದು ಕಮ್ಮಿ. ಕಣ್ಣೆದುರು ಇಲ್ಲದವನು ನೆನಪಲ್ಲೂ ಇರಲ್ಲ ನೋಡಿ. ಪ್ರಯೋಗ ಮುಗಿದಾಗ ಅವರಲ್ಲಿ ಅರ್ಧದಷ್ಟು ಜನ ಒಂಟಿತನ ಸಾಕಾಗಿ ಆಫೀಸಿಗೇ ಮರಳಿದರು. ಅದೂ ನನಗೆ ಅರ್ಥವಾಗುತ್ತೆ, ಕ್ಯಾಂಟೀನಿನ ಕಾಫಿಗೆ ಜತೆಗಾರರು ಬೇಕು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಯಾರ ಅನುಮತಿಯನ್ನೂ ಕೇಳದೆ ಔಟರ್ ರಿಂಗ್ ರೋಡ್ ಖಾಲಿಯಾಯ್ತು. ಅದೇ ದಿನಗಳಲ್ಲಿ ನನ್ನ ಹಳೇ ಮ್ಯಾನೇಜರ್‌ಗೆ ಫೋನ್ ಮಾಡಿದ್ದೆ. ಹಿಂದೆ ಕುಕ್ಕರ್ ಕೂಗ್ತಿತ್ತು. ‘ಮೊದಲನೇ ವಾರ ಒಬ್ಬೊಬ್ಬರಿಗೂ ದಿನಕ್ಕೆ ಆರಾರು ಸಲ ಫೋನ್ ಮಾಡಿದೆ ಕಣಪ್ಪಾ’ ಅಂದರು. ‘ಎರಡನೇ ವಾರ?’ ಅಂದೆ.

‘ನನ್ನ ಬಾಸು ನನಗೆ ಮಾಡೋಕೆ ಶುರು ಮಾಡಿದ್ರು.’