ಶಸ್ತ್ರದ ನಂತರದ ಕಥೆ

ಮೂಲವ್ಯಾಧಿಯ ಮಾತನ್ನು ನಾಲ್ಕು ಜನರೆದುರು ಆಡಬಾರದೆಂಬುದು ನಮ್ಮ ಮನೆಗಳ ಅಲಿಖಿತ ಕಟ್ಟಳೆ. ಬೇನೆಯೇನೋ ಬಹಳ ಹಳೆಯದು. ಸುಶ್ರುತಸಂಹಿತೆ ಇದನ್ನು ಅರ್ಶಸ್ಸೆಂದು ಕರೆದು ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯಗಳನ್ನು ಹೇಳಿದೆ. ನನ್ನ ಕುತೂಹಲವಿರುವುದು ಶಸ್ತ್ರ ಕೆಳಗಿಟ್ಟ ಮೇಲಿನ ಕಥೆಯಲ್ಲಿ.

1882ರಲ್ಲಿ ಮ್ಯಾಂಚೆಸ್ಟರಿನ ವೈದ್ಯ ವಾಲ್ಟರ್ ವೈಟ್‌ಹೆಡ್ ಒಂದು ಹೊಸ ವಿಧಾನ ಪ್ರಕಟಿಸಿದ. ಮೊಳಕೆಗಳಿರುವ ಒಳಪೊರೆಯನ್ನು ಬಳೆಯಂತೆ ಸುತ್ತಲೂ ಕತ್ತರಿಸಿ ತೆಗೆದು, ಮೇಲಿನ ಪೊರೆಯನ್ನು ಎಳೆದು ಹೊಲಿಯುವುದು. 1887ರಲ್ಲಿ ಮುನ್ನೂರು ರೋಗಿಗಳ ವರದಿಯನ್ನೂ ಕೊಟ್ಟ. ಆದರೆ ಬೇರೆಯವರ ಕೈಯಲ್ಲಿ ಕೆಲವರಿಗೆ ದ್ವಾರ ಕಿರಿದಾಯಿತು; ಇನ್ನು ಕೆಲವರಿಗೆ ಒಳಪೊರೆ ಹೊರಚಾಚಿ ಸದಾ ಒದ್ದೆಯಾಗಿರತೊಡಗಿತು. ಅದಕ್ಕೆ ವೈದ್ಯರು ಇಟ್ಟ ಹೆಸರು ‘ವೈಟ್‌ಹೆಡ್ ವಿರೂಪ’. ಪಾಪ, ಅವನ ಹೆಸರು ಗುಣಕ್ಕಿಂತ ಗಾಯದಲ್ಲೇ ಉಳಿಯಿತು!

1937ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್ ಮತ್ತು ಮೋರ್ಗನ್ ಬೇರೆ ದಾರಿ ತೋರಿದರು. ಮೂರು ಗಾಯಗಳನ್ನು ಹೊಲಿಯದೆ ಬಿಟ್ಟು, ನಡುನಡುವೆ ಚರ್ಮದ ಸೇತುವೆ ಉಳಿಸಿದರು. ದ್ವಾರ ಕಿರಿದಾಗದಂತೆ ಕಾಯುವುದು ಈ ಸೇತುವೆಗಳೇ. ಮುಂದೆ 1963ರಲ್ಲಿ ಅಮೆರಿಕದ ಬ್ಯಾರನ್ ಬುಡಕ್ಕೆ ರಬ್ಬರ್ ಉಂಗುರ ತೊಡಿಸುವುದನ್ನು ಸುಲಭ ಮಾಡಿದ. 1998ರಲ್ಲಿ ಇಟಲಿಯ ಲಾಂಗೊ ಸ್ಟೇಪ್ಲರ್ ತಂದ. ನೋವು ಕಡಿಮೆಯಾಯಿತು, ನಿಜ. ಆದರೂ ಎರಡರ ನಂತರವೂ, ಬಹಳ ಅಪರೂಪಕ್ಕೆ, ಕಿಬ್ಬೊಟ್ಟೆಯೊಳಗೆ ನಂಜೇರಿ ಜೀವಕ್ಕೇ ಅಪಾಯವಾದ ವರದಿಗಳು ಬಂದವು.

ನನ್ನ ಸೋದರಮಾವನಿಗೆ ಹಾಗೇ ಆಯಿತು. ಮನೆಗೆ ಬಂದ ಮೂರನೆಯ ದಿನ ನೋವು ಇಳಿಯುವ ಬದಲು ಏರಿತು. ಚಳಿಜ್ವರ ಬಂತು, ಮೂತ್ರ ಕಟ್ಟಿತು. ಸೊಸೆಯಂದಿರಿರುವ ಮನೆಯಲ್ಲಿ ಹೇಳುವುದು ಹೇಗೆಂದು ಸುಮ್ಮನೆ ಮಲಗಿದ್ದರು. ಅತ್ತೆ ಹಣೆ ಮುಟ್ಟಿ ನೋಡಿ ಗದರಿ ಎಬ್ಬಿಸಿದ್ದರಿಂದ ಉಳಿದರು. ಶಸ್ತ್ರಚಿಕಿತ್ಸೆಯಾದ ದಿನ ಮೂತ್ರ ಕಟ್ಟುವುದು ಸಾಮಾನ್ಯ. ಆದರೆ ಏರುವ ನೋವು, ಜ್ವರ, ಮೂತ್ರಕಟ್ಟು ಈ ಮೂರೂ ಕೂಡಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಬೇಕು. ವಾರ ಹತ್ತು ದಿನದ ಮೇಲೆ ರಕ್ತ ಸುರಿದರೂ ಅಷ್ಟೇ.

ಈಗ ಬಳಗದಲ್ಲಿ ಯಾರಿಗೆ ಈ ಶಸ್ತ್ರಚಿಕಿತ್ಸೆಯಾದರೂ ಮಾವ ಫೋನ್ ಮಾಡುತ್ತಾರೆ. ಕ್ಷೇಮಸಮಾಚಾರಕ್ಕೂ ಮೊದಲು ಅವರು ಗಟ್ಟಿಯಾಗಿ ಕೇಳುವುದು ಒಂದೇ: “ಮೂತ್ರ ಸಲೀಸಾಗಿ ಹೋಯಿತೇನಪ್ಪಾ?”